ಗುಡ್ಡ, ಸಮುದ್ರ, ನಡುವೆ ನಮ್ಮೂರು

"ಅಂಕೋಲಾ ಎಲ್ಲಿ ಬರತ್ತೆ?" ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ನನ್ನದು ಒಂದೇ ಉತ್ತರ: "ಕಾರವಾರ ಗೊತ್ತಲ್ಲ, ಅದರ ಪಕ್ಕ." ಕಾರವಾರಕ್ಕಾದರೆ ನೌಕಾನೆಲೆ ಇದೆ, ಟ್ಯಾಗೋರರ ಹೆಸರಿನ ಕಡಲತೀರ ಇದೆ. ನಮಗೇನಿದೆ? ಕರಿ ಇಶಾಡ ಮಾವಿನಹಣ್ಣು! ಅದಕ್ಕೂ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು ಅನ್ನಿ :-)

ತಮಾಷೆ ಬಿಡಿ. ಈ ಕಡೆ ಸಹ್ಯಾದ್ರಿ, ಆ ಕಡೆ ಅರಬ್ಬಿ ಸಮುದ್ರ. ನಡುವೆ ಇರುವ ಪಟ್ಟಿಯಷ್ಟು ಜಾಗದಲ್ಲೇ ಗದ್ದೆ, ತೋಟ, ಮನೆ ಎಲ್ಲ ಆಗಬೇಕು. ಆ ಇಷ್ಟೇ ಇಷ್ಟು ಜಾಗವನ್ನೂ ನಮ್ಮ ಜನ ಮತ್ತೆ ಮತ್ತೆ ಕೊಡುತ್ತಲೇ ಬಂದಿದ್ದಾರೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು. ಆಮೇಲೆ ಕರನಿರಾಕರಣೆಗೆ ಇಳಿದ ರೈತರ ಜಮೀನನ್ನು ಸರ್ಕಾರ ಜಪ್ತಿ ಮಾಡಿತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾ ಎರಡೂ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಮುಂದೆ ಕೊಂಕಣ ರೈಲ್ವೆ ಬಂತು, ಅದರ ನಂತರ ಚತುಷ್ಪಥ ರಸ್ತೆ. ಜಾಗ ಸಾಲದೇ ಹೋದಾಗ ಗುಡ್ಡವನ್ನೇ ನೆಟ್ಟಗೆ ಕಡಿದರು.

2024ರ ಜುಲೈ 16. ಬೆಳಿಗ್ಗೆ ಅಮ್ಮನ ಫೋನು. "ತಮಾ, ಶಿರೂರಲ್ಲಿ ಗುಡ್ಡ ಜರಿದು ಬಿದ್ದಿದೆ. ಈ ವಾರ ಬರುದು ಬೇಡ."

ಅಲ್ಲಿ ಗುಡ್ಡದ ಬುಡದಲ್ಲೇ ಒಂದು ಚಹಾ ಅಂಗಡಿ ಇತ್ತು. ಲಾರಿಯವರು ಅಲ್ಲಿ ನಿಲ್ಲಿಸುತ್ತಿದ್ದರು, ನಾನೂ ಒಂದೆರಡು ಸಲ ಚಹಾ ಕುಡಿದಿದ್ದೆ. ಅಂಗಡಿಯ ಜೊತೆ ಅದನ್ನು ನಡೆಸುತ್ತಿದ್ದ ಸಂಸಾರವೂ ಹೋಯಿತು. ಮಣ್ಣು ಗಂಗಾವಳಿಗೆ ನುಗ್ಗಿದ ರಭಸಕ್ಕೆ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳೂ ಬಿದ್ದವು. ಹೊಳೆಯಲ್ಲಿ ಹೂತುಹೋಗಿದ್ದ ಕೇರಳದ ಚಾಲಕನ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೇ ಸೇತುವೆಯೂ ಕುಸಿದಿತ್ತು.

ರಸ್ತೆ ಬೇಡ ಅಂತ ನಾನು ಹೇಳಲಾರೆ. ಅದೇ ರಸ್ತೆಯಲ್ಲಿ ತಾನೇ ನಾನು ಹಬ್ಬಕ್ಕೆ ಮನೆಗೆ ಬರುವುದು? ಬೇಗ ತಲುಪಿದರೆ ಖುಷಿಪಡುವವನೂ ನಾನೇ. ಆದರೆ ಮೊದಲೆಲ್ಲ ಕುಮಟೆ ದಾಟಿದ ಮೇಲೂ ಬಸ್ಸಿನಲ್ಲಿ ಆರಾಮಾಗಿ ನಿದ್ದೆ ಮಾಡುತ್ತಿದ್ದವನು, ಈಗ ಶಿರೂರು ದಾಟುವವರೆಗೆ ಎಚ್ಚರವಾಗಿ ಕೂತು ಕಿಟಕಿಯಿಂದ ಗುಡ್ಡ ನೋಡುತ್ತೇನೆ.

ನಿಮ್ಮೂರಿನ ದಾರಿಯಲ್ಲೂ ಇಂಥದ್ದೊಂದು ಗುಡ್ಡ ಇದೆಯಾ?