ಬೆಣಚುಕಲ್ಲಿನ ಲೆಕ್ಕ

ಹೊಲದ ಬದುವಿನಲ್ಲಿ ಬಿದ್ದ ಬೆಣಚುಕಲ್ಲಿನ ಕಡೆಗೆ ದಾರಿಹೋಕರ ದೃಷ್ಟಿ ಹರಿಯುವುದಿಲ್ಲ. ಹಳ್ಳಿಯ ಬಾಲಕರು ಮಾತ್ರ ಅದರ ಗುಣವನ್ನು ಬಲ್ಲರು. ಕತ್ತಲೆಯಲ್ಲಿ ಎರಡು ತುಂಡುಗಳನ್ನು ಒಂದಕ್ಕೊಂದು ಉಜ್ಜಿ, ಕಲ್ಲಿನೊಳಗೆ ಮಿನುಗುವ ಬೆಳಕನ್ನು ಕಂಡು ಹಿಗ್ಗುತ್ತಾರೆ. ಅದು ಘರ್ಷಣೆಯಿಂದ ಹುಟ್ಟಿದ ಕ್ಷಣಿಕ ಬೆಳಕು. ಅದೇ ಕಲ್ಲು ಸವೆದು ಮರಳಾಗಿ ಮಣ್ಣಿನಲ್ಲಿ ಹೂತುಹೋದಾಗ ಅದರಲ್ಲಿ ಮತ್ತೊಂದು ಬಗೆಯ ಬೆಳಕು ಸಂಚಯವಾಗುತ್ತದೆ.

ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ಅಲ್ಪಾಂಶವಿರುವುದಷ್ಟೆ. ಇವು ಸೂಸುವ ವಿಕಿರಣವೂ ಅಂತರಿಕ್ಷದಿಂದ ಬರುವ ವಿಶ್ವಕಿರಣವೂ ಹೂತ ಕಣವನ್ನು ಹಗಲಿರುಳೂ ತಾಕುತ್ತವೆ. ಆಗ ಸ್ಥಾನಪಲ್ಲಟಗೊಂಡ ಎಲೆಕ್ಟ್ರಾನುಗಳಲ್ಲಿ ಕೆಲವು ಸ್ಫಟಿಕರಚನೆಯ ದೋಷಸ್ಥಾನಗಳಲ್ಲಿ ಸೆರೆಯಾಗುತ್ತವೆ. ಕಾಲ ಕಳೆದಂತೆ ಸೆರೆಯಾದವುಗಳ ಸಂಖ್ಯೆ ಬೆಳೆಯುತ್ತದೆ. ಆದರೆ ಕಣವು ಬಿಸಿಲಿಗೆ ಬಿದ್ದರೆ ಸೂರ್ಯಪ್ರಕಾಶದ ನೀಲಿ ಮತ್ತು ನೇರಳಾತೀತ ಕಿರಣಗಳು ಕೆಲವೇ ನಿಮಿಷಗಳಲ್ಲಿ ಆ ಸೆರೆಯನ್ನು ಬಿಡಿಸುತ್ತವೆ. ಬರೆದ ಲೆಕ್ಕವು ಅಳಿಸಿಹೋಗುತ್ತದೆ. ಮರಳು ಮತ್ತೆ ಹೂತ ದಿನದಿಂದ ಹೊಸ ಲೆಕ್ಕ.

ಈ ಗುಣವನ್ನು ಹಿಡಿದು ಮರಳಿನ ವಯಸ್ಸನ್ನು ಅಳೆಯುವ ಕ್ರಮವನ್ನು 1985ರಲ್ಲಿ ಕೆನಡಾದ ಹಂಟ್ಲಿ ಮತ್ತು ಸಂಗಡಿಗರು ಲೋಕಕ್ಕೆ ತಿಳಿಸಿದರು. ಮರಳನ್ನು ಬೆಳಕು ಸೋಕದಂತೆ ಕೊಳವೆಯಲ್ಲಿ ತೆಗೆದು, ಮಂದವಾದ ಕೆಂಪು ದೀಪದಲ್ಲಿ ಶೋಧಿಸಿ, ಅದರ ಮೇಲೆ ನೀಲಿ ಅಥವಾ ಹಸಿರು ಬೆಳಕನ್ನು ಹಾಯಿಸುತ್ತಾರೆ. ಆಗ ಕಣವು ಹೊಮ್ಮಿಸುವ ನೇರಳಾತೀತ ದೀಪ್ತಿಯನ್ನು ಯಂತ್ರವು ಎಣಿಸುತ್ತದೆ. ಗೊತ್ತಾದ ಪ್ರಮಾಣದ ವಿಕಿರಣವನ್ನು ಕೊಟ್ಟು ಹೋಲಿಸಿದಾಗ ಕಣವು ಒಟ್ಟು ಎಷ್ಟು ವಿಕಿರಣವನ್ನುಂಡಿತ್ತೆಂಬುದು ತಿಳಿಯುತ್ತದೆ. ಒಂದು ಸಾವಿರ ವರ್ಷಕ್ಕೆ 2 ಗ್ರೇ ಮಾನದ ವಿಕಿರಣ ತಾಕುವೆಡೆಯಲ್ಲಿ ಕಣವು 80 ಗ್ರೇ ಉಂಡಿದ್ದರೆ, ಅದು ಹೂತು 40,000 ವರ್ಷಗಳಾದವೆಂದರ್ಥ.

ಈ ಲೆಕ್ಕದ ಮೇಲೆ ಎಂತಹ ಭಾರ ಬೀಳಬಲ್ಲದೆಂಬುದಕ್ಕೆ ಆಸ್ಟ್ರೇಲಿಯದ ಬತ್ತಿದ ಮುಂಗೊ ಸರೋವರವೇ ನಿದರ್ಶನ. ಅದರ ದಂಡೆಯ ಮರಳುದಿಬ್ಬದಲ್ಲಿ 1974ರಲ್ಲಿ ಭೂವಿಜ್ಞಾನಿ ಜಿಮ್ ಬೌಲರ್ ಅವರಿಗೆ ಕೆಮ್ಮಣ್ಣು ಚೆಲ್ಲಿ ಹೂಳಿದ ಮಾನವನ ಅಸ್ಥಿಗಳು ಗೋಚರಿಸಿದವು. ಅದರ ಕಾಲ 62,000 ವರ್ಷಗಳ ಹಿಂದಿನದೆಂದು 1999ರಲ್ಲಿ ಒಂದು ತಂಡ ಸಾರಿತು. 2003ರಲ್ಲಿ ಬೌಲರ್ ಮತ್ತು ಸಹೋದ್ಯೋಗಿಗಳು ಸಮಾಧಿಯ ಸ್ಥಳದ ಮರಳುಪದರಗಳನ್ನೇ ಈ ಕ್ರಮದಿಂದ ಪರೀಕ್ಷಿಸಿ, ಸುಮಾರು 40,000 ವರ್ಷಗಳೆಂದು ನಿರ್ಧರಿಸಿದರು. ಇಪ್ಪತ್ತು ಸಾವಿರ ವರ್ಷಗಳ ಹೆಮ್ಮೆ ಕಳೆಯಿತೆಂದು ಮರುಗಬೇಕಿಲ್ಲ, ಉಳಿದುದೇ ಮಹತ್ತರವಾದುದು. ಅಷ್ಟು ಪುರಾತನ ಕಾಲದಲ್ಲಿಯೂ ಮನುಷ್ಯನು ಮೃತನನ್ನು ಆದರದಿಂದ ಮಣ್ಣಿಗೊಪ್ಪಿಸಿದನೆಂಬುದಕ್ಕೆ ಮರಳೇ ಸಾಕ್ಷಿ. ಆ ಅಸ್ಥಿಗಳು 2017ರಲ್ಲಿ ಮೂಲನಿವಾಸಿಗಳ ವಶಕ್ಕೆ, ಅದೇ ನೆಲಕ್ಕೆ, ಮರಳಿದವು.

ಜ್ಞಾನಕ್ಕೆ ಬೆಳಕನ್ನು ಹೋಲಿಸುವುದು ವಾಡಿಕೆ. ಇಲ್ಲಿಯಾದರೋ ಅಕಾಲದಲ್ಲಿ ಬಿದ್ದ ಬೆಳಕು ಸಾಕ್ಷ್ಯವನ್ನೇ ಅಳಿಸಿಬಿಡುತ್ತದೆ. ಕತ್ತಲೆಯನ್ನು ಕಾದು, ತಕ್ಕ ಎಡೆಯಲ್ಲಿ ತಕ್ಕ ಕಣವನ್ನು ಕೇಳಿದವನಿಗೆ ಮಾತ್ರ ಬೆಣಚುಕಲ್ಲು ತನ್ನ ಲೆಕ್ಕವನ್ನು ಒಪ್ಪಿಸುತ್ತದೆ. ಅದೂ ಒಂದೇ ಒಂದು ಸಲ.