ಭಾಯಿಜಾನರ ಬುಗುರಿ

ಕಳೆದ ರಂಜಾನಿಗೆ ಮುನ್ನ ಮನೆಗೆ ಸುಣ್ಣ ಬಳಿಸಲೆಂದು ಅಟ್ಟದ ಸಾಮಾನುಗಳನ್ನೆಲ್ಲ ಕೆಳಗಿಳಿಸಿದಾಗ ಮಿಠಾಯಿ ಡಬ್ಬಿಯೊಂದರಲ್ಲಿ ಹನ್ನೊಂದು ಫ್ಲಾಪಿಗಳು ಸಿಕ್ಕವು. ಚೀಟಿಗಳ ಮೇಲೆ ಭಾಯಿಜಾನರ ಕೈಬರಹ. ಕೆಲವದರಲ್ಲಿ ಉರ್ದು, ಕೆಲವದರಲ್ಲಿ ಕನ್ನಡ. ಭಾಬಿ ಡಬ್ಬಿಯನ್ನು ಸೆರಗಿನಿಂದ ಒರೆಸಿ, ‘ಇದನ್ನು ಗುಜರಿಗೆ ಹಾಕಬೇಡಪ್ಪಾ’ ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು.

ಭಾಯಿಜಾನ್ ನಮಗಿಂತ ಹನ್ನೆರಡು ವರ್ಷ ದೊಡ್ಡವರು. ತೀರಿಕೊಂಡು ಒಂಬತ್ತು ವರ್ಷವಾಯಿತು. 1990ರ ದಶಕದಲ್ಲಿ ರಾಮನಗರದ ನಮ್ಮ ಮನೆಯಿಂದ ದಿನಾ ಚನ್ನಪಟ್ಟಣಕ್ಕೆ ಹೋಗಿ ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದರು. ಕನಕಪುರ, ಮಾಗಡಿ ಕಡೆಯಿಂದಲೂ ಗಿರಾಕಿಗಳು ಬರುತ್ತಿದ್ದರು. ಕನ್ನಡಕ್ಕೆ ಅಚ್ಚಿನ ಮೊಳೆಗಳಿದ್ದವು. ಉರ್ದುವಿಗೆ ಮಾತ್ರ ಕಾತಿಬರೇ ಆಗಬೇಕು. ಬೆಂಗಳೂರಿಗೆ ಹೋಗಿ ಅವರ ಕೈಯಲ್ಲಿ ಬರೆಸಿ ತರಬೇಕು. ಆ ಓಡಾಟ ತಪ್ಪಿಸಲೆಂದು ಭಾಯಿಜಾನ್ ಎಸ್.ಪಿ. ರಸ್ತೆಯಲ್ಲಿ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಕೊಂಡು ತಂದು, ಡಿಲಕ್ಸ್ ಪೇಂಟ್ ಎಂಬ ಪ್ರೋಗ್ರಾಮಿನಲ್ಲಿ ಒಂದೊಂದೇ ಚುಕ್ಕಿಯಿಟ್ಟು ‘ಶಾದಿ ಮುಬಾರಕ್’ ಬರೆಯತೊಡಗಿದರು. ಡ್ಯಾನ್ ಸಿಲ್ವಾ ಎಂಬವರು 1985ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ಮಾಡಿದ್ದ ಅದು ಆಮೇಲೆ ಡಾಸ್‌ಗೂ ಬಂದಿತ್ತು. ನಮ್ಮ ಮನೆಗೆ ಬಂದದ್ದು ಅದರ ನಕಲು ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡೋಣ.

ನಸ್ತಾಲಿಕ್ ಅಕ್ಷರ ಬಲದಿಂದ ಎಡಕ್ಕೆ ಇಳಿಜಾರಿನಲ್ಲಿ ಜಾರುತ್ತದೆ. ಚೌಕುಳಿ ಮನೆಗಳಲ್ಲಿ ಅದನ್ನು ಕೂರಿಸಹೋದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆ ಮೆಟ್ಟಿಲುಗಳ ಸಂದಿಗೆ ಭಾಯಿಜಾನ್ ಬೂದು ಬಣ್ಣದ ಚುಕ್ಕಿಗಳನ್ನಿಟ್ಟು ಕಣ್ಣನ್ನು ಯಾಮಾರಿಸುತ್ತಿದ್ದರು. ಉರ್ದು ಅಚ್ಚುಜೋಡಣೆಗೆಂದೇ 1994ರಲ್ಲಿ ಬಂದ ಇನ್‌ಪೇಜ್ ನಮ್ಮ ಕಡೆಯ ಅಂಗಡಿಗಳನ್ನು ತಲುಪಿದ ಮೇಲೆ ಆ ವಿದ್ಯೆಗೆ ಬೆಲೆ ಉಳಿಯಲಿಲ್ಲ. ಅವರು ಮಾತ್ರ ಚುಕ್ಕಿ ಬಿಡಲಿಲ್ಲ. ಇಶಾ ನಮಾಜು ಮುಗಿಸಿ ಬಂದು ಕೂತು ಚನ್ನಪಟ್ಟಣದ ಆಟಿಕೆಗಳನ್ನು ಬರೆಯುತ್ತಿದ್ದರು. ಒಂದು ರಾತ್ರಿ ನಮ್ಮನ್ನು ಕರೆದು ಕೆಂಪು ಹಳದಿ ಪಟ್ಟೆಗಳ ಬುಗುರಿಯೊಂದನ್ನು ತೋರಿಸಿದರು. ಅದು ಪರದೆಯ ಮೇಲೆ ತಿರುಗುತ್ತಿತ್ತು. ನಾವಾಗ ಕಥೆ ಬರೆಯುವ ಹುಮ್ಮಸ್ಸಿನಲ್ಲಿದ್ದ ಹುಡುಗ. ‘ಏನಿದು ಭಾಯಿಜಾನ್, ಮಕ್ಕಳ ಆಟ’ ಎಂದುಬಿಟ್ಟೆವು. ಅವರು ನಕ್ಕು ಕಂಪ್ಯೂಟರ್ ಆರಿಸಿದರು. ಮುಂದೆ ಎಂದೂ ನಮ್ಮನ್ನು ಕರೆಯಲಿಲ್ಲ.

ಅವರ ಮಗ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಫ್ಲಾಪಿ ಓದುವ ಸಾಧನವೊಂದನ್ನು ಹುಡುಕಿ ತಂದ. ಹನ್ನೊಂದರಲ್ಲಿ ಮೂರು ಮಾತ್ರ ಓದಿಸಿಕೊಂಡವು. ಅದರಲ್ಲಿ ಬುಗುರಿ ಇತ್ತು. ಅದನ್ನು ಇಂದಿನ ರೂಪಕ್ಕೆ ಬದಲಿಸಿ ಮೊಬೈಲಿನಲ್ಲಿ ತೋರಿಸಿದ. ನೋಡಿದರೆ ಬುಗುರಿ ಕುಳ್ಳಗೆ, ಕುಂಬಳಕಾಯಿಯ ಹಾಗೆ ಊದಿಕೊಂಡಿತ್ತು. ತಿರುಗುತ್ತಲೂ ಇರಲಿಲ್ಲ.

‘ಅಬ್ಬಾ ತಪ್ಪು ಬರೆದಿಲ್ಲ ಚಾಚಾ’ ಎಂದು ಹುಡುಗ ವಿವರಿಸಿದ. ಆಗಿನ ಪರದೆ ಅಡ್ಡಕ್ಕೆ 320 ಚುಕ್ಕಿ, ಉದ್ದಕ್ಕೆ 200. ಅವನ್ನು ನಾಲ್ಕಕ್ಕೆ ಮೂರರ ಅಳತೆಯ ಗಾಜಿನ ತುಂಬ ಹರಡಿದಾಗ ಪ್ರತಿ ಚುಕ್ಕಿಯೂ ಅಗಲಕ್ಕಿಂತ ಎತ್ತರವಾಗುತ್ತಿತ್ತು. ಇಂದಿನ ಚುಕ್ಕಿ ಸಮಚೌಕ. ಹಾಗಾಗಿ ಆಗ ಸರಿಯಾಗಿದ್ದ ಬುಗುರಿ ಈಗ ಕುಗ್ಗಿದೆ. ತಿರುಗುವ ಗುಟ್ಟು ಇನ್ನೂ ಸೊಗಸಾದದ್ದು. ಚಿತ್ರದ ಪ್ರತಿ ಚುಕ್ಕಿಯಲ್ಲಿ ಇರುವುದು ಬಣ್ಣವಲ್ಲ, ಒಂದು ಸಂಖ್ಯೆ. ಯಾವ ಸಂಖ್ಯೆಗೆ ಯಾವ ಬಣ್ಣ ಎಂಬುದಕ್ಕೆ 256 ಮನೆಗಳ ಬೇರೊಂದು ಪಟ್ಟಿ. ಪಟ್ಟಿಯಲ್ಲಿ ಬಣ್ಣಗಳನ್ನು ಒಂದೊಂದು ಮನೆ ಮುಂದಕ್ಕೆ ಸರಿಸುತ್ತ ಹೋದರೆ, ಒಂದು ಚುಕ್ಕಿಯೂ ಕದಲದೆ ಚಿತ್ರ ಕದಲುತ್ತದೆ. ಮೊಬೈಲಿನ ರೂಪಕ್ಕೆ ಬದಲಿಸುವಾಗ ಆ ಸೂಚನೆ ಕಳೆದುಹೋಗಿತ್ತು. ಭಾಯಿಜಾನ್ ಎಷ್ಟು ರಾತ್ರಿ ಕೂತು ಆ ಪಟ್ಟೆಗಳಿಗೆ ಸಂಖ್ಯೆ ಹಂಚಿದ್ದರೋ.

ಹಳೆಯ ಕಂಪ್ಯೂಟರ್ ಎಂದೋ ಸತ್ತಿತ್ತು. ಡಿಲಕ್ಸ್ ಪೇಂಟಿನ ಫ್ಲಾಪಿಯೂ ಬೂಸಲು ಹಿಡಿದಿತ್ತು. ಹುಡುಗ ಆರಿಸಿಕೊಂಡದ್ದು ಅದೇ ಮನೆತನದ ಗ್ರಾಫ್‌ಎಕ್ಸ್2 ಎಂಬುದನ್ನು. 1990ರ ದಶಕದಲ್ಲಿ ಫ್ರಾನ್ಸಿನ ಸನ್‌ಸೆಟ್ ಡಿಸೈನ್ ತಂಡ ಡಾಸ್‌ಗೆಂದು ಬರೆದ ಇದರ ಮೂಲವನ್ನು 2001ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. 2007ರಿಂದ ಆಡ್ರಿಯನ್ ಡೆಸ್ಟಗ್ ಮತ್ತು ಸಂಗಡಿಗರು ಅದನ್ನು ಬೇರೆ ಬೇರೆ ಕಂಪ್ಯೂಟರುಗಳಿಗೆ ಒಯ್ದರು. ಭಾಬಿಯ ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಹುಡುಗ ಹೈಕು ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಟ್ಟಿದ್ದ. ಬಿಓಎಸ್ ಎಂಬ ವ್ಯವಸ್ಥೆಯನ್ನು ಮಾಡಿದ ಕಂಪನಿ 2001ರಲ್ಲಿ ಪಾಮ್‌ಗೆ ಮಾರಾಟವಾದಾಗ, ಅದನ್ನು ಪ್ರೀತಿಸಿದವರು ಸೇರಿ ಮೊದಲಿನಿಂದ ಮತ್ತೆ ಬರೆಯತೊಡಗಿದರು. ಅದೇ ಹೈಕು. 2018ರಲ್ಲಿ ಅದರ ಮೊದಲ ಬೀಟಾ ಬಂತು. ಜಪಾನಿ ಕವಿತೆಯ ಹೆಸರು ಕೇಳಿ ನಮಗೆ ಬಾವಾಸ್ ಮಿಯಾಂ ನೆನಪಾದರು. ಚನ್ನಪಟ್ಟಣದ ಅರಗಿನ ಕೆಲಸಕ್ಕೆ ಜಪಾನಿನ ವಿಧಾನಗಳನ್ನು ತಂದವರೆಂದು ಊರು ಇಂದೂ ಅವರನ್ನು ನೆನೆಯುತ್ತದೆ.

ಸುಲಭದ ದಾರಿಗಳಿದ್ದವು, ನಿಜ. ಗ್ರಾಫ್‌ಎಕ್ಸ್2 ವಿಂಡೋಸಿಗೆ ಸಿಗುತ್ತದೆ. ಹೈಕುವಿಗೂ ಬೇರೆಯವರು ಆಗಲೇ ತಂದಿದ್ದರು. ಹುಡುಗನಿಗೆ ಮೂಲದಿಂದ ತಾನೇ ಕಟ್ಟುವ ಹಟ. ತಂದೆಯದೇ ಹಟ. ಎರಡು ಭಾನುವಾರ ಅವನ ಪಕ್ಕ ಕೂತು ನೋಡಿದೆವು. ಡಾಸ್ ಕಾಲದ ಪ್ರೋಗ್ರಾಮು ಯಾರನ್ನೂ ಕೇಳದೆ ಪರದೆಯ ಸ್ಮರಣೆಗೆ ನೇರ ಕೈಹಾಕಿ ಬಣ್ಣ ಬಳಿಯುತ್ತಿತ್ತಂತೆ. ಈಗ ಅದಕ್ಕೆ ವ್ಯವಸ್ಥೆಯ ಅಪ್ಪಣೆ ಬೇಕು. ನಡುವೆ ಎಸ್‌ಡಿಎಲ್ ಎಂಬ ದುಭಾಷಿ ನಿಂತು ಇಬ್ಬರಿಗೂ ಅರ್ಥ ಹೇಳುತ್ತದೆ. ಹಳೆಯ ಕಾಲದ ಮೂಲದಲ್ಲಿ ಹೆಸರು, ಟಿಪ್ಪಣಿಗಳೆಲ್ಲ ಫ್ರೆಂಚಿನಲ್ಲಿದ್ದವು. ಹೊರಗಿನವರು ಬಂದು ಸೇರಬೇಕಾದಾಗ ಅವನ್ನೂ ಇಂಗ್ಲಿಷಿಗೆ ತಿರುಗಿಸಬೇಕಾಯಿತು. ಉರ್ದುವಿನ ಕಥೆಯೊಂದನ್ನು ಕನ್ನಡಕ್ಕೆ ತರುವಾಗ ನಾವು ಪಟ್ಟ ಪಾಡೆಲ್ಲ ಅಲ್ಲಿ ಕಂಡಿತು. ಕಥೆ ಇರಲಿ, ‘ಆಪಾ’ ಎಂಬ ಒಂದು ಕರೆಯನ್ನು ಅಕ್ಕ ಎನ್ನಬೇಕೋ ಹಾಗೇ ಬಿಡಬೇಕೋ ಎಂದು ವಾರ ಕಳೆದವರು ನಾವು.

ಒಂದಿಡೀ ಮಧ್ಯಾಹ್ನ ಕೆಲಸ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿತು. ಗಣಿತದ ಲೈಬ್ರರಿ ಸಿಗುತ್ತಿಲ್ಲ ಎಂಬ ದೂರು. ಬೇರೆ ಕಡೆ ಅದು ಪ್ರತ್ಯೇಕ ಕಡತ. ಹೈಕುವಿನಲ್ಲಿ ಅದನ್ನು ಮೂಲ ಲೈಬ್ರರಿಯೊಳಗೇ ಸೇರಿಸಿದ್ದಾರೆ. ಇಲ್ಲದ ಬಾಗಿಲನ್ನು ತಟ್ಟುತ್ತಿದ್ದೆವು. ಆ ಒಂದು ಮಾತನ್ನು ಅಳಿಸಿದ ಮೇಲೆ ಗಾಡಿ ಮುಂದಕ್ಕೆ ಹೋಯಿತು. ಅಸರ್ ಹೊತ್ತಿಗೆ ಬುಗುರಿ ಪರದೆಯ ಮೇಲೆ ಬಂತು. ಎತ್ತರದ ಚುಕ್ಕಿಗಳನ್ನು ಆರಿಸುವ ಅನುಕೂಲ ಅದರಲ್ಲಿದೆ. ಊತ ಇಳಿಯಿತು.

ಭಾಬಿ ಚಹಾ ತಂದವರು ಟ್ರೇ ಕೈಯಲ್ಲೇ ಹಿಡಿದು ನಿಂತರು. ಕಂಪ್ಯೂಟರನ್ನು ಒಂದು ದಿನವೂ ಮುಟ್ಟಿದವರಲ್ಲ. ‘ಎಡಗಡೆ ಆ ಉದ್ದ ಗುಂಡಿ ಒತ್ತೋರು, ಆಗ ತಿರುಗೋದು’ ಎಂದರು. ಟ್ಯಾಬ್ ಕೀಲಿ. ಡಿಲಕ್ಸ್ ಪೇಂಟಿನಲ್ಲಿ ಬಣ್ಣ ತಿರುಗಿಸುತ್ತಿದ್ದುದು ಅದೇ. ಹುಡುಗ ಒತ್ತಿದ. ಬುಗುರಿ ಮಾಯವಾಗಿ ಖಾಲಿ ಪುಟ ಬಂತು. ಭಾಬಿಯ ಮುಖ ಸಣ್ಣಗಾಯಿತು. ಗ್ರಾಫ್‌ಎಕ್ಸ್2ನಲ್ಲಿ ಟ್ಯಾಬ್ ಒತ್ತಿದರೆ ಪಕ್ಕದ ಇನ್ನೊಂದು ಪುಟಕ್ಕೆ ಹೋಗುತ್ತದೆ. ಕೀಲಿಗಳನ್ನು ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು ಎಂದು ಹುಡುಗ ಮತ್ತೆ ಕೂತ. ಚಹಾ ಆರಿತು.

‘ಈಗ ನೀವೇ ಒತ್ತಿ ಅಮ್ಮಿ’ ಎಂದ. ಭಾಬಿ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದರು. ಕೆಂಪು ಹಳದಿಯನ್ನು ಅಟ್ಟಿಸಿಕೊಂಡು ಹೋಯಿತು. ಇನ್ನೊಮ್ಮೆ ಒತ್ತಿದರು, ನಿಂತಿತು. ನಮ್ಮ ಕಡೆ ತಿರುಗಿ, ‘ನಿನಗೆ ತೋರಿಸಿದ್ದರಲ್ಲವಾ ಆಗ?’ ಎಂದು ಕೇಳಿದರು. ತೋರಿಸಿದ್ದರು ಎಂದೆವು. ಅವರು ಮತ್ತೆ ಗುಂಡಿ ಒತ್ತಿದರು.