ಟಿಪ್ಪಣಿಯ ಹೊಣೆ

ಓಲೆಗರಿಯ ಪ್ರತಿಗಳ ಕೊನೆಯ ಪುಷ್ಪಿಕೆಯಲ್ಲಿ ಹಲವೊಮ್ಮೆ ಕೃತಿಯ ಹೆಸರು, ಕಾಲ, ಲಿಪಿಕಾರನ ಹೆಸರು ದೊರೆಯುತ್ತವೆ. ಪಾಡ್‌ಕಾಸ್ಟ್ ಕಂತಿನ ಕೆಳಗಣ ಟಿಪ್ಪಣಿಯೂ ಅಂಥದೇ. ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ರಚಿಸಿದ 'ಭರತೇಶ ವೈಭವ'ವನ್ನು ಕುರಿತ ನನ್ನ ಧ್ವನಿಮುದ್ರಿತ ಉಪನ್ಯಾಸಕ್ಕೆ ಎಐ ಸಹಾಯಕವೊಂದು ಕ್ಷಣಾರ್ಧದಲ್ಲಿ ಟಿಪ್ಪಣಿ ಸಿದ್ಧಪಡಿಸಿತು. ವಿಷಯಾನುಕ್ರಮ ಅಚ್ಚುಕಟ್ಟಾಗಿತ್ತು. ಆದರೆ 'ಸಾಂಗತ್ಯ ಕಾವ್ಯ'ವನ್ನು ಅದು 'ಒಡನಾಟದ ಕಾವ್ಯ'ವೆಂದು ಅರ್ಥೈಸಿತ್ತು. ಇಂದಿನ ಬಳಕೆಯಲ್ಲಿ ಆ ಅರ್ಥವುಂಟು. ಕಾವ್ಯಚರಿತ್ರೆಯಲ್ಲಿ ಸಾಂಗತ್ಯವೆಂದರೆ ಹಾಡಲೊಗ್ಗುವ ನಾಲ್ಕು ಸಾಲಿನ ದೇಸಿ ಛಂದಸ್ಸು. ತಿದ್ದಿದ ಮೇಲೆಯೇ ಪ್ರಕಟಿಸಿದೆ. ಕಂತನ್ನು ಪೂರ್ತಿ ಕೇಳಲು ಬಿಡುವಿಲ್ಲದ ವಿದ್ಯಾರ್ಥಿ ಟಿಪ್ಪಣಿಯನ್ನೇ ಪ್ರಬಂಧದಲ್ಲಿ ಉದ್ಧರಿಸುತ್ತಾನೆ. ನಾಳೆ ಯಂತ್ರವೂ ಅದನ್ನೇ ಆಧಾರವೆಂದು ಓದೀತು. ಕರಡು ಯಂತ್ರದ್ದಾದರೆ ಅಡ್ಡಿಯಿಲ್ಲ. ಅದರ ಕೊನೆಯಲ್ಲಿ ಪರಿಶೀಲಿಸಿದವರ ಹೆಸರು ಇರಲೇಬೇಕು.